ಹಳೆಯ ತಟ್ಟೆಗಳೂ ಇಂದಿನ ಗಾಯಕರೂ: ಸಂಗೀತ ಸೇವೆಯೊಂದನ್ನು ವರ್ಷಗಟ್ಟಲೆ ಬಳಸಿದ ಮೇಲೆ

ಹಿಂದುಸ್ತಾನಿ ಸಂಗೀತವನ್ನು, ಅದರಲ್ಲೂ ರಾಗವನ್ನು ವಿಸ್ತಾರವಾಗಿ ಬೆಳೆಸಿ ಹಾಡುವ ಖ್ಯಾಲ್ ಗಾಯನವನ್ನು ಕೇಳುವುದಕ್ಕೆಂದೇ ನಾನು ಅಂತರ್ಜಾಲದ ಈ ಸಂಗೀತ ಸೇವೆಗೆ ಹಲವು ವರ್ಷಗಳಿಂದ ವಾರ್ಷಿಕ ಚಂದಾ ಕಟ್ಟುತ್ತಿದ್ದೇನೆ. ಸಿನಿಮಾ ಹಾಡುಗಳಿಗಾಗಿ ಇದನ್ನು ಬಳಸುವವರ ಅನುಭವ ಬೇರೆಯಾಗಿರಬಹುದು. ಅದರ ಬಗ್ಗೆ ನಾನು ಏನನ್ನೂ ಹೇಳುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಕುಮಾರ ಗಂಧರ್ವ ಇವರ ಧ್ವನಿಮುದ್ರಿಕೆಗಳನ್ನು ಕೇಳುತ್ತಲೇ ಬೆಳೆದು, ಈಗ ಹಾಡುತ್ತಿರುವವರಲ್ಲಿ ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಎಂದು ಹುಡುಕುತ್ತಿರುವವರಿಗೆ ಈ ಸೇವೆ ಎಷ್ಟು ಒದಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯದರ ಸಂಗ್ರಹ ಇಲ್ಲಿ ಅಪಾರವಾಗಿದೆ. ಹೊಸಬರ ಗಾಯನವೂ ಧಾರಾಳವಾಗಿಯೇ ಇದೆ, ಆದರೆ ಸೇವೆ ತಾನಾಗಿ ನಮ್ಮನ್ನು ಅವರ ಬಳಿಗೆ ಕರೆದೊಯ್ಯುವುದಿಲ್ಲ. ಆ ದಾರಿಯನ್ನು ಕೇಳುಗರೇ ಮಾಡಿಕೊಳ್ಳಬೇಕು.

ಮೊದಲು ಹಳೆಯ ಸಂಗ್ರಹದ ಮಾತು. ಒಂದು ಕಾಲಕ್ಕೆ ಗ್ರಾಮಫೋನ್ ತಟ್ಟೆಗಳನ್ನು ಕೂಡಿಟ್ಟವರ ಮನೆಗಳಲ್ಲಿ, ಇಲ್ಲವೇ ಆಕಾಶವಾಣಿಯ ಪ್ರಸಾರದಲ್ಲಿ ಮಾತ್ರ ಕೇಳಲು ಸಿಗುತ್ತಿದ್ದ ಅನೇಕ ಮುದ್ರಿಕೆಗಳು ಈಗ ಕೈಯಳತೆಯಲ್ಲಿವೆ. ಅಬ್ದುಲ್ ಕರೀಂ ಖಾನರ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತಿನ) ತಟ್ಟೆಗಳು, ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರ ಮುದ್ರಿಕೆಗಳು, ಮನ್ಸೂರರು ಕೊನೆಯ ದಶಕಗಳಲ್ಲಿ ಹಾಡಿದ ಅಪರೂಪದ ರಾಗಗಳು, ಇವೆಲ್ಲವನ್ನೂ ಒಂದೇ ಸಂಜೆ ಕೇಳುವ ಅವಕಾಶ ನಮ್ಮ ಹಿಂದಿನ ತಲೆಮಾರಿನ ರಸಿಕರಿಗೆ ಇರಲಿಲ್ಲ. ಹತ್ತು ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಗಾಯನ. ಬೈಠಕ್ಕಿನಲ್ಲಿ, ಅಂದರೆ ಕೇಳುಗರ ಎದುರಿನ ಕಛೇರಿಯಲ್ಲಿ, ಒಂದು ಗಂಟೆ ಬೆಳೆಸುವ ರಾಗವನ್ನು ಮೂರು ನಿಮಿಷಗಳಲ್ಲಿ ಹೇಳಿ ಮುಗಿಸಬೇಕಾದಾಗ ಆ ಕಲಾವಿದರು ಯಾವ ಸ್ವರಸಂಗತಿಯನ್ನು ಉಳಿಸಿಕೊಂಡರು, ಯಾವುದನ್ನು ಬಿಟ್ಟರು ಎಂದು ಗಮನಿಸುವುದೇ ಒಂದು ಪಾಠ. 1920ರ ದಶಕದ ಮಧ್ಯಭಾಗದವರೆಗೆ ಮೈಕ್ ಕೂಡ ಇಲ್ಲದೆ, ದೊಡ್ಡ ಕೊಳವೆಯೊಂದರ ಬಾಯಿಗೆ ಮುಖವಿಟ್ಟು ಹಾಡಬೇಕಾಗಿತ್ತು ಎಂಬುದನ್ನು ನೆನೆದರೆ ಆ ಧ್ವನಿಗಳ ಮೇಲಿನ ಗೌರವ ಇನ್ನಷ್ಟು ಹೆಚ್ಚುತ್ತದೆ.

ಆದರೆ ಈ ಸಂಗ್ರಹವನ್ನು ಜೋಡಿಸಿಟ್ಟಿರುವ ರೀತಿ ಅದರ ಯೋಗ್ಯತೆಗೆ ತಕ್ಕುದಾಗಿಲ್ಲ. ಭಾರತದ ಕಾನೂನಿನಲ್ಲಿ ಧ್ವನಿಮುದ್ರಿಕೆಯ ಹಕ್ಕುಸ್ವಾಮ್ಯ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಮಾತ್ರ ಇರುವುದರಿಂದ, ಹಳೆಯ ತಟ್ಟೆಗಳನ್ನು ಈಗ ಯಾರು ಬೇಕಾದರೂ ಪ್ರಕಟಿಸಬಹುದು. ಹಾಗಾಗಿ ಒಂದೇ ಮುದ್ರಿಕೆಯ ಹಲವಾರು ಪ್ರತಿಗಳು ಬೇರೆ ಬೇರೆ ಮುಖಪುಟಗಳಡಿಯಲ್ಲಿ ಇಲ್ಲಿ ತುಂಬಿಕೊಂಡಿವೆ. ಕೆಲವರು ತಟ್ಟೆಯ ಗರಗರ ಸದ್ದನ್ನು ತೆಗೆಯುವ ಉತ್ಸಾಹದಲ್ಲಿ ಧ್ವನಿಯ ಮೇಲಿನ ಹೊಳಪನ್ನೂ ತಂಬೂರಿಯ ನಾದವನ್ನೂ ಒರೆಸಿ ಹಾಕಿದ್ದಾರೆ. ಇನ್ನು ಕೆಲವು ಪ್ರತಿಗಳಲ್ಲಿ ತಟ್ಟೆಯನ್ನು ತಪ್ಪು ವೇಗದಲ್ಲಿ ತಿರುಗಿಸಿ ನಕಲು ಮಾಡಿರುವುದರಿಂದ ಆಧಾರ ಸ್ವರವಾದ ಷಡ್ಜವೇ ಮೇಲೇರಿ, ತಾನುಗಳು (ವೇಗದ ಸ್ವರಸಾಲುಗಳು) ಮನುಷ್ಯರಿಗೆ ಅಸಾಧ್ಯವೆನಿಸುವಷ್ಟು ಚುರುಕಾಗಿ ಕೇಳಿಸುತ್ತವೆ. ಇಂಥ ಪ್ರತಿಯನ್ನು ಕೇಳಿ ‘ಹಿಂದಿನವರ ತಯಾರಿಯೇ ತಯಾರಿ, ಈಗಿನವರಿಗೆ ಅದು ಎಲ್ಲಿ ಬರಬೇಕು’ ಎನ್ನುವವರಿದ್ದಾರೆ. ಆ ಹೋಲಿಕೆ ಬುಡದಲ್ಲೇ ಅನ್ಯಾಯದ್ದು. ಒಂದೇ ಮುದ್ರಿಕೆಯ ಎರಡು ಮೂರು ಪ್ರತಿಗಳನ್ನು ಕೇಳಿ, ಧ್ವನಿ ಸಹಜವೆನಿಸುವ, ಸ್ವಲ್ಪ ಗರಗರ ಉಳಿದಿರುವ ಪ್ರತಿಯನ್ನು ಆರಿಸಿ ತಮ್ಮ ಪಟ್ಟಿಗೆ ಸೇರಿಸಿಕೊಳ್ಳುವುದು ಒಳ್ಳೆಯದು.

ವಿವರಗಳ ಕೊರತೆ ಇದಕ್ಕಿಂತಲೂ ದೊಡ್ಡದು. ಈ ಸೇವೆಗೆ ಗಾಯಕರ ಹೆಸರು, ಆಲ್ಬಮ್ಮಿನ ಹೆಸರು, ಹಾಡಿನ ಹೆಸರು ಗೊತ್ತು. ರಾಗ, ತಾಳ, ಘರಾಣೆ (ಗಾಯನದ ಗುರುಪರಂಪರೆ), ತಬಲಾ ಮತ್ತು ಹಾರ್ಮೋನಿಯಂ ಸಾಥ್ (ಪಕ್ಕವಾದ್ಯ) ನೀಡಿದವರು ಯಾರೆಂಬುದು ಗೊತ್ತಿಲ್ಲ. ಹಾಡಿನ ಹೆಸರಿನಲ್ಲಿ ಯಾರಾದರೂ ರಾಗವನ್ನು ಸೇರಿಸಿದ್ದರೆ ಮಾತ್ರ ಅದು ಹುಡುಕಾಟಕ್ಕೆ ಸಿಕ್ಕುತ್ತದೆ, ಅದೂ ಒಬ್ಬೊಬ್ಬರು ಒಂದೊಂದು ಕಾಗುಣಿತದಲ್ಲಿ ಬರೆದಿರುತ್ತಾರೆ. ವರ್ಷದ ವಿಷಯದಲ್ಲಂತೂ ಗೊಂದಲವೇ ಗೊಂದಲ. 1930ರ ದಶಕದ ತಟ್ಟೆಯ ಮೇಲೆ ಅದನ್ನು ಡಿಜಿಟಲ್ ರೂಪದಲ್ಲಿ ಏರಿಸಿದ ವರ್ಷ ನಮೂದಾಗಿರುತ್ತದೆ. ಗಂಗೂಬಾಯಿ ಹಾನಗಲ್ ಅವರನ್ನೇ ತೆಗೆದುಕೊಳ್ಳಿ. ಯೌವನದಲ್ಲಿ ಅವರು ‘ಗಾಂಧಾರಿ’ ಎಂಬ ಹೆಸರಿನಲ್ಲಿ ತಟ್ಟೆಗಳಿಗೆ ಹಾಡಿದಾಗ ಇದ್ದ ತೆಳುವಾದ, ಎತ್ತರದ ಶಾರೀರಕ್ಕೂ, ಗಂಟಲಿನ ಚಿಕಿತ್ಸೆಯ ನಂತರ ನಾವೆಲ್ಲ ಬಲ್ಲ ಗಂಭೀರ ಶಾರೀರಕ್ಕೂ ಹೋಲಿಕೆಯೇ ಇಲ್ಲ. ವರ್ಷ ತಿಳಿಯದ ಹೊಸ ಕೇಳುಗರು ಇವರಿಬ್ಬರೂ ಬೇರೆ ಬೇರೆ ಗಾಯಕಿಯರೆಂದೇ ತಿಳಿದಾರು. ಗಂಗೂಬಾಯಿ ಎಂದು ಹುಡುಕಿದರೆ ಗಾಂಧಾರಿ ಸಿಗುವುದೂ ಇಲ್ಲ. ಹೆಸರು ತಪ್ಪಾಗಿ ನಮೂದಾಗಿದ್ದ ಒಂದು ಮುದ್ರಿಕೆಯ ಬಗ್ಗೆ ಗ್ರಾಹಕ ಸಹಾಯ ವಿಭಾಗಕ್ಕೆ ಬರೆದಾಗ, ವಿವರಗಳನ್ನು ಒದಗಿಸುವುದು ಪ್ರಕಾಶಕರ ಹೊಣೆ ಎಂಬ ವಿನಯದ ಉತ್ತರ ಬಂತು. ತಪ್ಪು ಇಂದಿಗೂ ಹಾಗೆಯೇ ಇದೆ.

ಇನ್ನು ಈ ಸೇವೆಯ ಶಿಫಾರಸುಗಳು. ಮನ್ಸೂರರ ಒಂದು ರಾಗ ಮುಗಿದ ಕೂಡಲೇ ತಾನಾಗಿಯೇ ಮುಂದಿನದನ್ನು ನುಡಿಸುವ ವ್ಯವಸ್ಥೆ ಇದೆ. ಅದು ನುಡಿಸುವುದು ಭೀಮಸೇನ ಜೋಶಿಯವರನ್ನು, ಆಮೇಲೆ ಕಿಶೋರಿ ಅಮೋಣಕರರನ್ನು, ಆಮೇಲೆ ಕುಮಾರ ಗಂಧರ್ವರನ್ನು, ತಿರುಗಿ ಮನ್ಸೂರರನ್ನು. ಇವರಲ್ಲಿ ಯಾರೂ ಬೇಡವೆನ್ನುವಂಥವರಲ್ಲ, ಆದರೆ ಇವರಲ್ಲಿ ಯಾರೂ ಈಗ ನಮ್ಮ ನಡುವೆ ಇಲ್ಲ. ಇದರ ಕಾರಣ ಗುಟ್ಟಿನದೇನಲ್ಲ. ‘ಇದನ್ನು ಕೇಳಿದವರು ಅದನ್ನೂ ಕೇಳಿದರು’ ಎಂಬ ಲೆಕ್ಕದ ಮೇಲೆ ಇಂಥ ಶಿಫಾರಸುಗಳು ಬಹುಮಟ್ಟಿಗೆ ನಿಂತಿರುವುದರಿಂದ, ಹೆಚ್ಚು ಜನ ಕೇಳಿದವರನ್ನೇ ಅದು ಮತ್ತೆ ಮತ್ತೆ ಮುಂದಿಡುತ್ತದೆ. ಕಡಿಮೆ ಕೇಳುಗರಿರುವ ಯುವ ಗಾಯಕಿಗೆ ಆ ಲೆಕ್ಕದೊಳಗೆ ಪ್ರವೇಶವೇ ಕಷ್ಟ. ಬರೀ ಶಿಫಾರಸನ್ನು ನಂಬಿ ಕುಳಿತರೆ ಖ್ಯಾಲ್ ಗಾಯನ 1990ರ ದಶಕಕ್ಕೆ ಮುಗಿದುಹೋಯಿತೆಂಬ ಭಾವನೆ ಬರುತ್ತದೆ. ಅದು ಪೂರ್ತಿ ಸುಳ್ಳು.

ನಾನು ಕ್ರಮೇಣ ಕಂಡುಕೊಂಡ ದಾರಿ ಎರಡು ಬಗೆಯದು. ಒಂದು, ಗುರುಪರಂಪರೆಯ ಎಳೆ ಹಿಡಿದು ಹೋಗುವುದು. ಮನ್ಸೂರರು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರಲ್ಲಿ ಕಲಿತವರು. ಆ ಜೈಪುರ-ಅತ್ರೌಲಿ ಘರಾಣೆಯ ಹೆಸರು ಹಿಡಿದು ಹುಡುಕಿದರೆ ಮನ್ಸೂರರ ಮಗ ರಾಜಶೇಖರ ಮನ್ಸೂರರ ಮುದ್ರಿಕೆಗಳು, ಅಶ್ವಿನಿ ಭಿಡೆ ದೇಶಪಾಂಡೆ, ಮಂಜಿರಿ ಅಸನಾರೆ ಕೇಳ್ಕರ್ ಅವರಂಥ ಇಂದಿನ ಗಾಯಕಿಯರು ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಅಬ್ದುಲ್ ಕರೀಂ ಖಾನರ ಕಿರಾಣಾ ಘರಾಣೆಯ ಎಳೆ ಹಿಡಿದರೆ ಹುಬ್ಬಳ್ಳಿಯ ಜಯತೀರ್ಥ ಮೇವುಂಡಿಯವರಲ್ಲಿಗೆ ಬರುತ್ತೇವೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಎಳೆ ಹಿಡಿದರೆ, ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರುಗಳಿಂದ ಪುಟ್ಟರಾಜ ಗವಾಯಿಗಳ ಶಿಷ್ಯರಾದ ಎಂ. ವೆಂಕಟೇಶಕುಮಾರ ಅವರವರೆಗೆ ನಡೆದು ಬರಬಹುದು. 1953ರಲ್ಲಿ ಹುಟ್ಟಿದ ವೆಂಕಟೇಶಕುಮಾರರನ್ನು ಧಾರವಾಡದ ರಸಿಕರು ಬಹುಕಾಲದಿಂದ ಬಲ್ಲರು. ಉಳಿದ ದೇಶ ಅವರತ್ತ ಕಿವಿಗೊಟ್ಟದ್ದು ತಡವಾಗಿ, ಪದ್ಮಶ್ರೀ ಬಂದದ್ದು 2016ರಲ್ಲಿ. ಶಿಫಾರಸಿನ ಲೆಕ್ಕಕ್ಕೆ ಸಿಗದ ದೊಡ್ಡ ಕಲಾವಿದರು ನಮ್ಮ ಪಕ್ಕದ ಓಣಿಯಲ್ಲೇ ಇರಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಎರಡನೆಯದು, ಒಂದೇ ರಾಗವನ್ನು ಹಳಬರಲ್ಲೂ ಹೊಸಬರಲ್ಲೂ ಒಂದರ ಬೆನ್ನಿಗೆ ಒಂದರಂತೆ ಕೇಳುವುದು. ಮನ್ಸೂರರ ಬಸಂತಿ ಕೇದಾರವನ್ನು ಕೇಳಿದವರಿಗೆ ಬಸಂತ್ ಎಲ್ಲಿ ಮುಗಿದು ಕೇದಾರ ಎಲ್ಲಿ ಮೊದಲಾಯಿತೆಂದು ಗೆರೆ ಎಳೆಯಲಾಗದ ಆ ಹೆಣಿಗೆ ಮರೆಯುವಂಥದ್ದಲ್ಲ. ಅದೇ ಘರಾಣೆಯ ಇಂದಿನವರು ಇಂಥ ಜೋಡ ರಾಗಗಳನ್ನು ವಿಲಂಬಿತದಲ್ಲಿ ನಿಧಾನವಾಗಿ ಬಿಡಿಸಿಟ್ಟಾಗ, ಮನ್ಸೂರರು ಉಸಿರು ಬಿಡದೆ ದಾಟಿಹೋದ ತಿರುವುಗಳು ಎಲ್ಲೆಲ್ಲಿದ್ದವು ಎಂಬುದು ಮೊದಲ ಸಲ ಕಾಣಿಸುತ್ತದೆ. ಆ ಮೇಲೆ ತಿರುಗಿ ಮನ್ಸೂರರಲ್ಲಿಗೆ ಹೋದರೆ ಅವರೂ ಹೊಸಬರಾಗಿ ಕೇಳಿಸುತ್ತಾರೆ. ಹೊಸಬರನ್ನು ಕೇಳುವುದು ಹಳಬರಿಗೆ ಬಗೆಯುವ ದ್ರೋಹವೆಂಬಂತೆ ಮಾತಾಡುವ ಹಿರಿಯ ರಸಿಕರಿಗೆ ನಾನು ಪ್ರೀತಿಯಿಂದ ಹೇಳುವುದು ಇದನ್ನೇ: ಇಬ್ಬರನ್ನೂ ಕೇಳುವ ಕಿವಿಗೆ ಇಬ್ಬರೂ ಹೆಚ್ಚು ದಕ್ಕುತ್ತಾರೆ.

ಹೋಲಿಕೆ ಮಾಡುವಾಗ ಇನ್ನೊಂದು ಸಂಗತಿಯನ್ನು ಮರೆಯಬಾರದು. ಹಳೆಯ ಮುದ್ರಿಕೆಗಳೆಂದು ನಮ್ಮ ಕೈಗೆ ಬಂದಿರುವುದು ಕಾಲ ಸೋಸಿ ಉಳಿಸಿದ್ದು. ಮನ್ಸೂರರು ಅರವತ್ತು ವರ್ಷಕ್ಕೂ ಮಿಗಿಲಾಗಿ ಹಾಡಿದರು; ಅವುಗಳಲ್ಲಿ ಗಂಟಲು ಕೂಡದ ಸಂಜೆಗಳು, ಸಭೆ ಒಲಿಯದ ಬೈಠಕ್ಕುಗಳು ಇದ್ದೇ ಇದ್ದಾವು, ಆದರೆ ಅವು ಯಾವ ಆಲ್ಬಮ್ಮಿನಲ್ಲೂ ಇಲ್ಲ. ಇಂದಿನ ಗಾಯಕರ ಸ್ಥಿತಿ ಇದಕ್ಕೆ ತಿರುಗುಮುರುಗು. ಸಭೆಯಲ್ಲಿ ಕುಳಿತವರ ಕೈಯಲ್ಲೆಲ್ಲ ಫೋನು. ಸಾಧಾರಣ ಕಛೇರಿಯೂ ಮರುದಿನವೇ ಎಲ್ಲರಿಗೂ ಲಭ್ಯ. ಒಬ್ಬರ ಅತ್ಯುತ್ತಮ ಸಂಜೆಯನ್ನು ಇನ್ನೊಬ್ಬರ ಸಾಮಾನ್ಯ ಸಂಜೆಯ ಪಕ್ಕದಲ್ಲಿಟ್ಟು ತೂಗುವುದು ನ್ಯಾಯವಲ್ಲ. ಹೊಸ ಗಾಯಕರ ಬಗ್ಗೆ ತೀರ್ಮಾನಕ್ಕೆ ಬರುವ ಮುನ್ನ ಅವರ ಬೇರೆ ಬೇರೆ ರಾಗಗಳನ್ನು, ಸಾಧ್ಯವಾದರೆ ಬೇರೆ ಬೇರೆ ವರ್ಷಗಳವನ್ನು ಕೇಳಬೇಕೆಂಬ ನಿಯಮವನ್ನು ನಾನು ಹಾಕಿಕೊಂಡಿದ್ದೇನೆ, ಮತ್ತು ಅದು ಸಾಧ್ಯವಾಗುವುದು ಇಂಥ ಸೇವೆಯಿಂದಲೇ ಎಂಬುದನ್ನು ಕೃತಜ್ಞತೆಯಿಂದ ಒಪ್ಪುತ್ತೇನೆ.

ತಾಂತ್ರಿಕ ವಿಷಯಗಳಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಧ್ವನಿಯ ಗುಣಮಟ್ಟ ಚೆನ್ನಾಗಿದೆ, ಇಳಿಸಿಟ್ಟುಕೊಂಡ ಮುದ್ರಿಕೆಗಳು ರೈಲಿನಲ್ಲಿ, ನೆಟ್‌ವರ್ಕ್ ಇಲ್ಲದ ಊರುಗಳಲ್ಲಿ ಕೈಕೊಟ್ಟಿಲ್ಲ. ನಿಧಾನಗತಿಯ ವಿಲಂಬಿತವನ್ನೂ ವೇಗದ ದ್ರುತವನ್ನೂ ಎರಡು ಪ್ರತ್ಯೇಕ ಹಾಡುಗಳಾಗಿ ತುಂಡರಿಸಿರುವ ಆಲ್ಬಮ್ಮುಗಳಲ್ಲಿ ನಡುವೆ ಬೀಳುವ ನಿಶ್ಶಬ್ದವನ್ನು ತಪ್ಪಿಸಲು ‘ಗ್ಯಾಪ್‌ಲೆಸ್’ ಆಯ್ಕೆಯನ್ನು ಚಾಲೂ ಮಾಡಿಕೊಳ್ಳಬೇಕು, ಮತ್ತು ಹಾಡುಗಳನ್ನು ಹಿಂದುಮುಂದಾಗಿ ನುಡಿಸುವ ‘ಶಫಲ್’ ಅನ್ನು ಮರೆಯದೆ ನಿಲ್ಲಿಸಬೇಕು. ಇಲ್ಲವಾದರೆ ದ್ರುತ ಮುಗಿದ ಮೇಲೆ ವಿಲಂಬಿತ ಬಂದೀತು. ಧ್ವನಿಯ ಮಟ್ಟವನ್ನು ತಾನಾಗಿ ಸಮಗೊಳಿಸುವ ಆಯ್ಕೆಯನ್ನೂ ಶಾಸ್ತ್ರೀಯ ಸಂಗೀತಕ್ಕೆ ನಿಲ್ಲಿಸಿಡುವುದೇ ಮೇಲೆಂದು ನನಗನಿಸಿದೆ.

ಹಣದ ವಿಷಯವನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಚಂದಾ ಕಟ್ಟಿದರೆ ಕಲಾವಿದರಿಗೆ ಸಲ್ಲಬೇಕಾದ್ದು ಸಂದಂತೆ ಎಂದು ಬಹಳ ಜನ ನಂಬಿದ್ದಾರೆ. ಇಂಥ ಸೇವೆಗಳಲ್ಲಿ ಸಾಮಾನ್ಯವಾಗಿ ಚಂದಾದಾರರೆಲ್ಲರ ಹಣವನ್ನೂ ಒಟ್ಟುಗೂಡಿಸಿ, ಒಟ್ಟು ಎಷ್ಟು ಸಲ ನುಡಿಸಲಾಯಿತು ಎಂಬುದರ ಪಾಲಿಗೆ ತಕ್ಕಂತೆ ಹಂಚುತ್ತಾರೆ. ಅರ್ಧ ನಿಮಿಷ ಕೇಳಿದರೆ ಅದನ್ನು ಒಂದು ಸಲ ಎಂದು ಎಣಿಸುವ ರೂಢಿಯಿದೆ. ಈ ಲೆಕ್ಕದಲ್ಲಿ ಮೂರು ನಿಮಿಷದ ಹಾಡೂ ಒಂದೇ, ಐವತ್ತು ನಿಮಿಷದ ದರಬಾರಿ ಕಾನಡಾವೂ ಒಂದೇ. ನಾನು ಒಂದು ಸಂಜೆಯೆಲ್ಲ ಕುಳಿತು ಕೇಳಿದ ಗಾಯಕಿಯ ಹೆಸರಿಗೆ ಸೇರುವುದು ಒಂದೆರಡು ಎಣಿಕೆ ಮಾತ್ರ, ಅದರಲ್ಲೂ ಪ್ರಕಾಶಕರ ಪಾಲು ಕಳೆಯಬೇಕು. ಗತಿಸಿದ ಹಿರಿಯರಿಗೆ ಇದರಿಂದ ಆಗಬೇಕಾದ್ದೇನಿಲ್ಲ. ಮನೆ ಬಾಡಿಗೆ ಕಟ್ಟಿ, ಸಾಥಿದಾರರಿಗೆ ಕೊಟ್ಟು, ರಿಯಾಜಿಗೆ ಹೊತ್ತು ಉಳಿಸಿಕೊಳ್ಳಬೇಕಾದ ಯುವ ಕಲಾವಿದರಿಗೆ ಇದು ದೊಡ್ಡ ಮಾತು.

ಆದ್ದರಿಂದ ಈ ಸೇವೆಯನ್ನು ನಾನು ಪರಿಚಯದ ಮೊದಲ ಮೆಟ್ಟಿಲಾಗಿ ಬಳಸುತ್ತೇನೆ. ಇಲ್ಲಿ ಹಿಡಿಸಿದ ಗಾಯಕರು ಹತ್ತಿರದ ಊರಿಗೆ ಬಂದರೆ ಟಿಕೆಟ್ ಕೊಂಡು ಹೋಗುತ್ತೇನೆ, ಮನೆ ಬೈಠಕ್ಕಿದ್ದರೆ ನನ್ನ ಪಾಲಿನ ವಂತಿಗೆ ಕೊಡುತ್ತೇನೆ. ಧ್ವನಿಮುದ್ರಿಕೆ ಮತ್ತು ಜೀವಂತ ಗಾಯನದ ಸಂಬಂಧ ನಮ್ಮ ಸೀಮೆಗೆ ಹೊಸದೂ ಅಲ್ಲ. ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿಯ ತಟ್ಟೆಯನ್ನು ಕೇಳಿ ಮನಸೋತ ಬಾಲಕ ಭೀಮಸೇನ 1933ರಲ್ಲಿ ಗುರುವನ್ನು ಅರಸಿ ಗದುಗಿನ ಮನೆ ಬಿಟ್ಟು ಹೊರಟರು. ಊರೂರು ಅಲೆದು ಕೊನೆಗೆ ಸೇರಿದ್ದು ಅದೇ ಖಾನ್ ಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರ ಬಳಿ, ಕುಂದಗೋಳಕ್ಕೆ. ಆ ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ಸ್ಮರಣೆಯಲ್ಲಿ ನಡೆಯುವ ಅಹೋರಾತ್ರಿ ಸಂಗೀತೋತ್ಸವದಲ್ಲಿ ಹಿರಿಯರ ಜತೆಗೆ ಎಳೆಯರೂ ಹಾಡುತ್ತಾರೆ. ಅಲ್ಲಿ ಕೇಳಿದ ಹೊಸ ಹೆಸರುಗಳನ್ನು ಬರೆದುಕೊಂಡು ಬಂದು ಈ ಸೇವೆಯಲ್ಲಿ ಹುಡುಕುವುದು, ಇಲ್ಲಿ ಕೇಳಿದವರನ್ನು ಅಲ್ಲಿ ಎದುರುನೋಡುವುದು, ಎರಡೂ ನನ್ನ ರೂಢಿಯಾಗಿದೆ.

ಯಾರು ಈ ಚಂದಾವನ್ನು ತೆಗೆದುಕೊಳ್ಳಬಹುದು? ಖ್ಯಾಲ್ ಗಾಯನದ ರುಚಿ ಈಗಾಗಲೇ ಹತ್ತಿರುವವರು, ಹೆಸರು ಮತ್ತು ರಾಗ ಹಿಡಿದು ತಾವೇ ಹುಡುಕುವ ತಾಳ್ಮೆ ಇರುವವರು ನಿಶ್ಚಿಂತೆಯಿಂದ ತೆಗೆದುಕೊಳ್ಳಲಿ; ವಾರ್ಷಿಕ ಚಂದಾ ತಿಂಗಳ ಲೆಕ್ಕಕ್ಕಿಂತ ಅಗ್ಗವಾಗುತ್ತದೆ. ಈಗಷ್ಟೇ ಕೇಳಲು ತೊಡಗಿದವರು ಮೊದಲ ಕೆಲವು ತಿಂಗಳು ಬಲ್ಲವರೊಬ್ಬರಿಂದ ಪಟ್ಟಿ ಬರೆಸಿಕೊಂಡು ಕೇಳುವುದು ಉತ್ತಮ. ಹಳೆಯ ಸಂಗ್ರಹಕ್ಕೆ ಐದರಲ್ಲಿ ನಾಲ್ಕೂವರೆ, ಹೊಸಬರನ್ನು ಪರಿಚಯಿಸುವ ಕೆಲಸಕ್ಕೆ ಎರಡು, ವಿವರಗಳ ನಿಖರತೆಗೆ ಒಂದೂವರೆ ಅಂಕ ಕೊಡುತ್ತೇನೆ. ಈ ವರ್ಷವೂ ಚಂದಾ ನವೀಕರಿಸಿದ್ದೇನೆ. ನವೀಕರಿಸುವಾಗ ಕೇಳಿದ ಅಭಿಪ್ರಾಯದ ಕಾಲಂನಲ್ಲಿ, ರಾಗದ ಹೆಸರು, ಹಾಡಿದ ವರ್ಷ, ಸಾಥಿದಾರರ ಹೆಸರು ಈ ಮೂರನ್ನು ತೋರಿಸುವ ವ್ಯವಸ್ಥೆ ಮಾಡಿರೆಂದು ಮತ್ತೆ ಬರೆದಿದ್ದೇನೆ.