ಬಿಸಿ ಗಾಡಿ ತಗೊಂಡು ಹೋಗಿ ಚಳಿಯ ಕಾಯಿಲೆ ತೋರಿಸಿದೆ, 11,200 ರೂಪಾಯಿ ಹೋಯ್ತು

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪೆಟ್ರೋಲ್ ಕಾರು ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಮಾತ್ರ ನಡುಗುತ್ತಿದ್ದರೆ, ಕಿಡಿ ಕೊಡುವ ಪ್ಲಗ್, ಕಾಯಿಲ್‌ಗೆ ಕೈ ಹಾಕಿಸುವ ಮುಂಚೆ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಎಷ್ಟು ಬಿಸಿ ತೋರಿಸುತ್ತಿದೆ ಅಂತ ನೋಡಿಸಿ. ನಾನು ನೋಡಿಸಲಿಲ್ಲ.

ನಮ್ಮದು ಮಡಿಕೇರಿ. ಗಾಡಿ 2014ರ ಹ್ಯಾಚ್‌ಬ್ಯಾಕ್, 88,000 ಕಿಲೋಮೀಟರ್ ಓಡಿದೆ. ಡಿಸೆಂಬರ್‌ನಲ್ಲಿ ಶುರುವಾಯಿತು ಇದು. ಬೆಳಗ್ಗೆ ಆರೂವರೆಗೆ ಕೀ ತಿರುಗಿಸಿದರೆ ಎಂಜಿನ್ ಏನೋ ಹತ್ತುತ್ತಿತ್ತು, ಆದರೆ ಸ್ಟೇರಿಂಗ್, ಸೀಟು, ಒಳಗಿನ ಕನ್ನಡಿ ಎಲ್ಲ ಗಡಗಡ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಆಫ್. ಐದಾರು ನಿಮಿಷ ರೇಸ್ ಕೊಡುತ್ತಾ ಕೂತರೆ ಸರಿಹೋಗುತ್ತಿತ್ತು, ಆಮೇಲೆ ದಿನವಿಡೀ ಏನೂ ತೊಂದರೆ ಇಲ್ಲ. ಚೆಕ್ ಎಂಜಿನ್ ಲೈಟ್ ಕೂಡ ಹತ್ತಲಿಲ್ಲ.

ಕುಶಾಲನಗರದ ಒಂದು ಗ್ಯಾರೇಜಿಗೆ ಹೋದೆ. ಇಲ್ಲೇ ನಾನು ಮಾಡಿದ ದೊಡ್ಡ ತಪ್ಪು. ಸುಮಾರು 30 ಕಿಲೋಮೀಟರ್ ಘಾಟಿ ಇಳಿದು ಹೋಗುವಷ್ಟರಲ್ಲಿ ಎಂಜಿನ್ ಚೆನ್ನಾಗಿ ಕಾದಿರುತ್ತೆ. ಅಲ್ಲಿ ಬಾನೆಟ್ ಎತ್ತಿದರೆ ಐಡ್ಲಿಂಗ್ ಬೆಣ್ಣೆ ಹಾಗಿದೆ. ಕಾಯಿಲೆ ಕಾಣದಿದ್ದರೂ ಮೆಕ್ಯಾನಿಕ್ ಮದ್ದು ಹೇಳಿದರು: "ಮಿಸ್ಸಿಂಗ್ ಸರ್, ಪ್ಲಗ್ ಹೋಗಿರುತ್ತೆ." ನಾಲ್ಕು ಪ್ಲಗ್‌ಗೆ 1,400. ಮರುದಿನ ಬೆಳಗ್ಗೆ ಮತ್ತೆ ಅದೇ ಗಡಗಡ. ಮತ್ತೆ ಹೋದೆ. ಎರಡು ಕಾಯಿಲ್ 5,200, ಇಂಜೆಕ್ಟರ್ ಕ್ಲೀನಿಂಗ್ 2,500, ಥ್ರಾಟಲ್ ಬಾಡಿ ಕ್ಲೀನಿಂಗ್ 900, ಕೂಲಿ 1,200. ಆಗಲೂ ಬದಲಾವಣೆ ಇಲ್ಲ. ಮೂರನೇ ಸಲ "ಹಾಗಾದರೆ ಫ್ಯುಯೆಲ್ ಪಂಪೇ ಸರ್" ಅಂದಾಗ ನನಗೆ ಬುದ್ಧಿ ಬಂತು. ನಮಸ್ಕಾರ ಹೇಳಿ ವಾಪಸ್ ಬಂದೆ.

ನಮ್ಮೂರಿನಲ್ಲೇ ಒಬ್ಬರು ಹಳೆಯ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಅವರು ಗಾಡಿ ಮುಟ್ಟಲೇ ಇಲ್ಲ. "ಈಗ ನೋಡಿ ಏನು ಪ್ರಯೋಜನ ಸರ್? ಸಂಜೆ ಬಿಟ್ಟು ಹೋಗಿ, ಬೆಳಗ್ಗೆ ನೀವೇ ಬನ್ನಿ. ನಾನು ಕೀ ಹಾಕಲ್ಲ" ಅಂದರು.

ಬೆಳಗ್ಗೆ ಹೋದೆ. ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಇಗ್ನಿಷನ್ ಆನ್ ಮಾಡಿ, ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಸ್ಕ್ಯಾನರ್ ಚುಚ್ಚಿದರು. ಒಳಗೆ ಹೋಗುವ ಗಾಳಿ 13 ಡಿಗ್ರಿ. ಕೂಲೆಂಟ್ 58 ಡಿಗ್ರಿ! ರಾತ್ರಿಯೆಲ್ಲ ಹೊರಗೆ ನಿಂತ ಗಾಡಿ ಅದು. ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕಲ್ವಾ?

ಹಳೆ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಚಳಿಗೆ ನಾವೇ ಚೋಕ್ ಎಳೆಯುತ್ತಿದ್ದೆವು. ಈಗ ಆ ಕೆಲಸ ಕಂಪ್ಯೂಟರ್‌ದು. ಎಂಜಿನ್ ತಣ್ಣಗಿದ್ದರೆ ಪೆಟ್ರೋಲ್ ಜಾಸ್ತಿ ಬಿಡುತ್ತೆ, ಐಡ್ಲಿಂಗ್ ಏರಿಸುತ್ತೆ. ತಣ್ಣಗಿದೆಯೋ ಇಲ್ಲವೋ ಅಂತ ಅದಕ್ಕೆ ಹೇಳುವುದು ಕೂಲೆಂಟ್‌ನ ಬಿಸಿ ಅಳೆಯುವ ಸೆನ್ಸರ್. ನನ್ನದು "ಕಾದಿದೆ" ಅಂತ ಸುಳ್ಳು ಹೇಳುತ್ತಿತ್ತು. ಬಿಸಿಲಿದೆ ಅಂದುಕೊಂಡು ಸ್ವೆಟರ್ ಇಲ್ಲದೆ ಮಂಜಿಗೆ ಹೋದವರ ಹಾಗೆ ಎಂಜಿನ್ ನಡುಗುತ್ತಿತ್ತು, ಅಷ್ಟೇ. 58 ಡಿಗ್ರಿ ಅನ್ನುವುದು ಅಸಾಧ್ಯದ ಅಂಕಿಯೇನಲ್ಲ, ಅದಕ್ಕೇ ಲೈಟೂ ಹತ್ತಲಿಲ್ಲ.

ಸೆನ್ಸರ್‌ಗೆ ವೈರ್ ಸೇರುವ ಕನೆಕ್ಟರ್ ಬಿಚ್ಚಿ ತೋರಿಸಿದರು. ಪಿನ್‌ಗಳ ಸುತ್ತ ಹಸಿರು ಕಿಲುಬು, ಬೆರಳಿಗೆ ಅಂಟುವ ಪಸೆ. ಸೆನ್ಸರ್ ಒಳಗಿನಿಂದಲೇ ಕೂಲೆಂಟ್ ಜಿನುಗಿ ಎರಡು ಪಿನ್‌ಗಳ ನಡುವೆ ಕರೆಂಟ್‌ಗೆ ಕಳ್ಳದಾರಿ ಮಾಡಿಕೊಟ್ಟಿತ್ತು. ಈ ಸೆನ್ಸರ್ ಕಾದಷ್ಟೂ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟ್‌ಗೆ ಒಡ್ಡುವ ತಡೆ, ಇಳಿಯುತ್ತೆ. ಕಳ್ಳದಾರಿಯೂ ರೆಸಿಸ್ಟೆನ್ಸ್ ಇಳಿಸುವುದರಿಂದ ಕಂಪ್ಯೂಟರ್ ಮೋಸ ಹೋಯಿತು. ಎಂಜಿನ್ ನಿಜವಾಗಲೂ ಕಾದಾಗ ಸೆನ್ಸರ್‌ನ ರೆಸಿಸ್ಟೆನ್ಸೇ ಕಮ್ಮಿ ಇರುತ್ತೆ, ಹಾಗಾಗಿ ವ್ಯತ್ಯಾಸ ಹತ್ತು ಡಿಗ್ರಿ ಆಚೀಚೆ ಅಷ್ಟೇ. ರೇಡಿಯೇಟರ್ ಫ್ಯಾನ್ ಮಾಮೂಲಿಗಿಂತ ಬೇಗ ಓಡುತ್ತಿತ್ತು, ಆಮೇಲೆ ನೆನಪಾಯಿತು. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೆ 1,200 ದಾಟಬೇಕಿದ್ದ ಆರ್‌ಪಿಎಂ 700ರಲ್ಲೇ ತೆವಳುತ್ತಿತ್ತು. ಮುಳ್ಳು ಕಣ್ಣೆದುರೇ ಇತ್ತು, ನಾನು ನೋಡಿಯೂ ನೋಡಲಿಲ್ಲ.

ಹೊಸ ಸೆನ್ಸರ್ 650, ಕೂಲಿ 200. ಚೆಲ್ಲಿದಷ್ಟು ಕೂಲೆಂಟ್ ತುಂಬಿಸಿ, ಸಿಸ್ಟಮ್‌ನಲ್ಲಿ ಸಿಕ್ಕಿದ ಗಾಳಿ ತೆಗೆದರು. ಸೆನ್ಸರ್ ಬಿಚ್ಚುವುದನ್ನು ಎಂಜಿನ್ ತಣ್ಣಗಿರುವಾಗಲೇ ಮಾಡಬೇಕು. ಕಾದ ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ದಯವಿಟ್ಟು ಕೈ ಹಾಕಬೇಡಿ.

ಎಲ್ಲ ಗಾಡಿಗೂ ಇದೇ ರೋಗ ಅಂತಲ್ಲ. ಗಾಳಿ ಮತ್ತು ಕೂಲೆಂಟ್ ಎರಡೂ ಒಂದೇ ತೋರಿಸಿದರೆ ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್ ಇರಬಹುದು, ಥ್ರಾಟಲ್ ಕೊಳೆ ಇರಬಹುದು, ನಿಜವಾಗಿಯೂ ಪ್ಲಗ್ಗೇ ಇರಬಹುದು. ಚೆಕ್ ಎಂಜಿನ್ ಲೈಟ್ ಮಿಣುಕುತ್ತಿದ್ದರಂತೂ ಗಾಡಿ ಓಡಿಸಬೇಡಿ, ಸುಡದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತೆ, ಅದರ ಬೆಲೆ ಕೇಳಿದರೆ ತಲೆ ತಿರುಗುತ್ತೆ. ಏನೇ ಇರಲಿ, ಗಾಡಿಯನ್ನು ಹಿಂದಿನ ಸಂಜೆಯೇ ಬಿಟ್ಟು ಬನ್ನಿ, ಬೆಳಗಿನ ಮೊದಲ ಸ್ಟಾರ್ಟ್ ನಿಮ್ಮ ಎದುರೇ ಆಗಲಿ. ಬಿಚ್ಚಿದ ಹಳೆ ಪಾರ್ಟ್ ಕೇಳಿ ಇಸ್ಕೊಳ್ಳಿ.

ನಾನು ಅದೊಂದು ಮಾತ್ರ ಸರಿಯಾಗಿ ಮಾಡಿದ್ದೆ. ಕುಶಾಲನಗರದಲ್ಲಿ ಬಿಚ್ಚಿದ ಎರಡು ಕಾಯಿಲ್ ಡಿಕ್ಕಿಯಲ್ಲೇ ಇದ್ದವು. ಎಲೆಕ್ಟ್ರಿಷಿಯನ್ ವಾಪಸ್ ಹಾಕಿ ಸ್ಟಾರ್ಟ್ ಮಾಡಿದರು. ಎರಡೂ ಚೆನ್ನಾಗೇ ಇದ್ದವು.