ಅರಣ್ಯಶಾಸ್ತ್ರ ಪದವಿ: ಉದ್ಯೋಗದ ಕಡೆಯಿಂದ ಒಂದು ವಿಮರ್ಶೆ

ನಾಲ್ಕು ವರ್ಷಗಳ ಅರಣ್ಯಶಾಸ್ತ್ರ ಪದವಿಯನ್ನು ಅದು ಮುಗಿದ ದಿನವೇ ತೂಗಿ ನೋಡುವುದು ನ್ಯಾಯವಲ್ಲ. ಅದರ ಬೆಲೆ ಗೊತ್ತಾಗಬೇಕಾದರೆ ಕಾಡಿನ ಸಮೀಕ್ಷೆ, ನರ್ಸರಿಯ ಹೊಣೆ, ನಿರ್ವಹಣಾ ಯೋಜನೆ ಬರೆಯುವ ಮೇಜು, ಮರಗಳಲ್ಲಿ ಎಷ್ಟು ಇಂಗಾಲ ಸೇರಿದೆ ಎಂಬ ಇತ್ತೀಚಿನ ಲೆಕ್ಕಾಚಾರ, ಇವೆಲ್ಲವನ್ನೂ ಒಂದು ಸುತ್ತು ಹಾಕಿ ಬಂದಿರಬೇಕು. ನಾನು ಆ ಸುತ್ತು ಹಾಕಿದ್ದೇನೆ. ಕಾಲೇಜು ಕೊಟ್ಟದ್ದರಲ್ಲಿ ಯಾವುದು ಬಾಳಿಕೆ ಬಂತು, ಯಾವುದು ಬರಲಿಲ್ಲ ಎಂಬುದನ್ನು ಆ ಅನುಭವದಿಂದಲೇ ಬರೆಯುತ್ತಿದ್ದೇನೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ತರಗತಿಯಲ್ಲಿ ಎಲ್ಲರೂ ಆಕಳಿಸುತ್ತಿದ್ದ ಅರಣ್ಯ ಮಾಪನವೇ ಈ ಪದವಿಯ ಬೆನ್ನೆಲುಬು, ಎಲ್ಲರೂ ಮುಗಿಬೀಳುತ್ತಿದ್ದ ವನ್ಯಜೀವಿ ವಿಷಯ ನನ್ನ ಉದ್ಯೋಗದಲ್ಲಿ ಅಪರೂಪಕ್ಕೆ ಮಾತ್ರ ಕೆಲಸಕ್ಕೆ ಬಂದಿದೆ.

ಮರವನ್ನು ಅಳೆಯುವುದರಲ್ಲಿ ಕಲಿಯುವುದಕ್ಕೆ ಏನಿದೆ ಎಂದು ಹೊರಗಿನವರಿಗೆ ಅನ್ನಿಸಬಹುದು. ಎದೆಮಟ್ಟ ಎಂದರೆ ಹೆಚ್ಚಿನ ದೇಶಗಳಲ್ಲಿ ನೆಲದಿಂದ 1.3 ಮೀಟರ್, ಕೆಲವೆಡೆ 1.37 ಮೀಟರ್. ಇಳಿಜಾರಿನಲ್ಲಿ ನಿಂತ ಮರವಾದರೆ ಮೇಲ್ಬದಿಯ ನೆಲದಿಂದ ಎಣಿಸಬೇಕು. ಆ ಮಟ್ಟಕ್ಕಿಂತ ಕೆಳಗೇ ಕವಲೊಡೆದಿದ್ದರೆ ಎರಡು ಮರವೆಂದು ಬರೆದುಕೊಳ್ಳಬೇಕು. ಬಳ್ಳಿ ಹಬ್ಬಿದ್ದರೆ ಅದನ್ನು ಸರಿಸಿ, ಟೇಪು ಓರೆಯಾಗದಂತೆ ತೊಗಟೆಗೆ ತಾಗಿಸಿ ಸುತ್ತಬೇಕು. ಇಷ್ಟು ಮಡಿವಂತಿಕೆ ಏಕೆಂದರೆ, ಕಾಂಡದ ಘನ ಅಳತೆ ವ್ಯಾಸದ ವರ್ಗಕ್ಕೆ (ವ್ಯಾಸ × ವ್ಯಾಸ) ಅನುಗುಣವಾಗಿ ಬದಲಾಗುವುದರಿಂದ ವ್ಯಾಸದಲ್ಲಿ ಶೇ. 5ರಷ್ಟು ತಪ್ಪಿದರೆ ಘನ ಅಳತೆಯಲ್ಲಿ ಸುಮಾರು ಶೇ. 10ರಷ್ಟು ತಪ್ಪುತ್ತದೆ, ಮತ್ತು ಆ ತಪ್ಪು ಮುಂದೆ ಕಡಿತದ ಲೆಕ್ಕಕ್ಕೂ ಇಂಗಾಲದ ಲೆಕ್ಕಕ್ಕೂ ಸದ್ದಿಲ್ಲದೆ ದಾಟಿಕೊಳ್ಳುತ್ತದೆ. ನಮ್ಮ ಅಧ್ಯಾಪಕರು ಒಂದು ಮೀಟರ್ ಉದ್ದದ ಕೋಲಿನ ತುದಿಗೆ ಎರಡು ಸೆಂಟಿಮೀಟರ್ ಅಗಲದ ತಗಡಿನ ತುಂಡನ್ನು ಹೊಡೆದು ತಂದಿದ್ದರು. ಕೋಲಿನ ಇನ್ನೊಂದು ತುದಿಯನ್ನು ಕಣ್ಣಿನ ಬಳಿ ಹಿಡಿದು, ನಿಂತಲ್ಲೇ ಒಂದು ಸುತ್ತು ತಿರುಗುತ್ತ, ಎದೆಮಟ್ಟದಲ್ಲಿ ತಗಡಿಗಿಂತ ಅಗಲವಾಗಿ ಕಾಣುವ ಕಾಂಡಗಳನ್ನಷ್ಟೇ ಎಣಿಸಿದರೆ, ಆ ಎಣಿಕೆಯೇ ಹೆಕ್ಟೇರಿಗೆ ಇಷ್ಟು ಚದರ ಮೀಟರ್ ಎಂದು ಕಾಂಡಗಳ ಒಟ್ಟು ಅಡ್ಡಕೊಯ್ತದ ವಿಸ್ತೀರ್ಣವನ್ನು ಕೊಡುತ್ತದೆ. ಆಸ್ಟ್ರಿಯಾದ ಅರಣ್ಯಾಧಿಕಾರಿ ವಾಲ್ಟರ್ ಬಿಟರ್ಲಿಷ್ 1948ರಲ್ಲಿ ಪ್ರಕಟಿಸಿದ ವಿಧಾನ ಇದು. ಟೇಪಿಲ್ಲದೆ, ಒಂದು ಮರವನ್ನೂ ಮುಟ್ಟದೆ ಕಾಡಿನ ದಟ್ಟಣೆ ತಿಳಿಯುತ್ತದೆ ಎಂಬುದು ಮೊದಲಿಗೆ ಕಣ್ಕಟ್ಟಿನಂತೆ ತೋರುತ್ತದೆ. ಅದರ ಹಿಂದಿನ ರೇಖಾಗಣಿತವನ್ನು ಫಲಕದ ಮೇಲೆ ಬಿಡಿಸಿ ತೋರಿಸಿದ ಆ ಒಂದು ತರಗತಿಗಾಗಿಯೇ ನಾನು ಕಾಲೇಜಿಗೆ ಋಣಿ.

ಆದರೆ ಅದೇ ವಿಷಯದಲ್ಲಿ ದೊಡ್ಡ ದೂರೊಂದಿದೆ. ಕ್ಷೇತ್ರಕಾರ್ಯವೆಲ್ಲ ನಡೆದದ್ದು ಸಾಲು ಹಿಡಿದು ನೆಟ್ಟ, ಸಮತಟ್ಟಾದ ನೆಡುತೋಪಿನಲ್ಲಿ. ನಿಜವಾದ ಕಾಡು ಬಹುಪಾಲು ಉಳಿದಿರುವುದು ಉಳುಮೆಗೆ ಒಗ್ಗದ ಇಳಿಜಾರುಗಳಲ್ಲಿ. 30 ಡಿಗ್ರಿ ಇಳಿಜಾರಿನಲ್ಲಿ ನೆಲಕ್ಕೆ ಹಾಸಿದ 20 ಮೀಟರ್ ಟೇಪು ನಕ್ಷೆಯ ಮೇಲೆ 17.3 ಮೀಟರ್ ಮಾತ್ರ. ತಿದ್ದುಪಡಿ ಮಾಡದೆ ಮರ ಎಣಿಸುವ ವೃತ್ತಾಕಾರದ ಪ್ಲಾಟು ಹಾಕಿದರೆ ಅದರ ವಿಸ್ತೀರ್ಣ ಸುಮಾರು ಶೇ. 13ರಷ್ಟು ಕುಗ್ಗಿ, ಹೆಕ್ಟೇರಿಗೆ ಎಷ್ಟು ಮರ ಎಂಬ ಅಂದಾಜೂ ಅಷ್ಟೇ ಕುಗ್ಗುತ್ತದೆ. ಸೂತ್ರ ಪಠ್ಯದಲ್ಲಿತ್ತು, ಪರೀಕ್ಷೆಗೂ ಬಂತು. ಕಾಲು ಜಾರುವ ನೆಲದಲ್ಲಿ ಕ್ಲಿನೋಮೀಟರ್ ಹಿಡಿದು ಕೋನ ಓದುವುದನ್ನು ಮಾತ್ರ ಕಲಿಸಿದ್ದು ಸಮೀಕ್ಷಾ ತಂಡದ ಹಿರಿಯ ಕೆಲಸಗಾರರು, ಕಾಲೇಜಲ್ಲ.

ಸಸ್ಯ ಗುರುತಿಸುವ ಪಾಠಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹೂವಿನ ಲಕ್ಷಣಗಳನ್ನು ಹಿಡಿದು ಕುಟುಂಬ, ಕುಲ, ಜಾತಿ ಎಂದು ಇಳಿಯುವ ಕ್ರಮ ವಿಜ್ಞಾನದ ದೃಷ್ಟಿಯಿಂದ ಸರಿಯಾದದ್ದೇ. ಆದರೆ ಮರ ಹೂ ಬಿಡುವುದು ವರ್ಷದಲ್ಲಿ ಕೆಲವೇ ವಾರ, ಸಮೀಕ್ಷೆ ನಡೆಯುವುದು ಎಲೆಯುದುರಿದ ಕಾಲದಲ್ಲೂ. ತೊಗಟೆಯ ಬಿರುಕು, ಸಣ್ಣ ಕಚ್ಚು ಹಾಕಿದಾಗ ಕಾಣುವ ಒಳತೊಗಟೆಯ ಬಣ್ಣ, ಒಸರುವ ಹಾಲು ಅಥವಾ ಅಂಟು, ಬುಡದಲ್ಲಿ ಬಿದ್ದ ತರಗೆಲೆ, ಇವುಗಳಿಂದ ಗುರುತಿಸುವ ವಿದ್ಯೆಗೆ ಪಠ್ಯಕ್ರಮದಲ್ಲಿ ಒಂದು ಸೆಮಿಸ್ಟರನ್ನಾದರೂ ಮೀಸಲಿಡಬೇಕಿತ್ತು. ನರ್ಸರಿ ಪಾಠದ ಬಗ್ಗೆ ಅಂಥ ದೂರಿಲ್ಲ. ಸಸಿಯನ್ನು ಎತ್ತರದಿಂದ ಅಳೆಯದೆ ಬೇರಿನಿಂದ ಅಳೆಯಬೇಕು, ಚೀಲದೊಳಗೆ ಬೇರು ಸುರುಳಿ ಸುತ್ತಿದ ಸಸಿ ನೆಟ್ಟ ಮೇಲೂ ಏಳಿಗೆಯಾಗುವುದು ಕಷ್ಟ ಎಂಬುದನ್ನು ಚೀಲ ಸೀಳಿ ತೋರಿಸಿಯೇ ಕಲಿಸಿದರು.

ಅರಣ್ಯ ಅರ್ಥಶಾಸ್ತ್ರದ ವಿಷಯದಲ್ಲಿ ನನ್ನ ಅಭಿಪ್ರಾಯ ಕಾಲಕ್ರಮದಲ್ಲಿ ಬದಲಾಗಿದೆ. ಮರವನ್ನು ಯಾವ ವಯಸ್ಸಿನಲ್ಲಿ ಕಡಿದರೆ ಲಾಭ ಎಂದು ನಿರ್ಧರಿಸಲು ಜರ್ಮನಿಯ ಅರಣ್ಯಾಧಿಕಾರಿ ಮಾರ್ಟಿನ್ ಫೌಸ್ಟ್‌ಮನ್ 1849ರಲ್ಲಿ ಕೊಟ್ಟ ಸೂತ್ರವನ್ನು ನಾವು ಉರು ಹೊಡೆದೆವು. ಇಡೀ ಫಲಿತಾಂಶ ನಿಂತಿರುವುದು ಬಡ್ಡಿದರದ ಆಯ್ಕೆಯ ಮೇಲೆ ಎಂಬ ಚರ್ಚೆ ಮಾತ್ರ ನಡೆಯಲೇ ಇಲ್ಲ. 60 ವರ್ಷದ ನಂತರ ಕೈಗೆ ಬರುವ 100ರ ಇಂದಿನ ಬೆಲೆ ಶೇ. 5ರ ದರದಲ್ಲಿ 5ಕ್ಕಿಂತ ತುಸು ಹೆಚ್ಚು, ಶೇ. 2ರ ದರದಲ್ಲಿ ಸುಮಾರು 30. ಅಂದರೆ ನಿಧಾನವಾಗಿ ಬೆಳೆಯುವ ಮರವನ್ನು ಯೋಜನೆಯಲ್ಲಿ ಉಳಿಸುವುದೋ ಕೈಬಿಡುವುದೋ ಎಂಬುದು ಎಷ್ಟೋ ಸಲ ಕಾಡನ್ನೇ ಕಾಣದ ಯಾರೋ ಆರಿಸಿದ ಒಂದು ಅಂಕಿಯಲ್ಲಿ ತೀರ್ಮಾನವಾಗಿರುತ್ತದೆ. ಯೋಜನೆ ಬರೆಯುವ ಮೇಜಿಗೆ ಬಂದ ಮೇಲೆಯೇ ಇದರ ಬಿಸಿ ತಟ್ಟಿದ್ದು. ಬೇಸರದ ವಿಷಯವೆಂದು ಆಗ ಬದಿಗೆ ಸರಿಸಿದ್ದ ಟಿಪ್ಪಣಿಗಳನ್ನು ಈಗ ಮತ್ತೆ ತೆರೆಯುತ್ತೇನೆ.

ಇತಿಹಾಸವನ್ನು ಎರಡೇ ತರಗತಿಗಳಲ್ಲಿ ಓಡಿಸಿದರು. ಕಾಡಿನಿಂದ ಬೆಳೆದಷ್ಟನ್ನೇ ತೆಗೆಯಬೇಕು ಎಂಬ ವಿಚಾರವನ್ನು 1713ರಲ್ಲಿ ಬರೆದಿಟ್ಟ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ ಅರಣ್ಯಾಧಿಕಾರಿಯಲ್ಲ, ಸ್ಯಾಕ್ಸನಿಯ ಗಣಿ ಆಡಳಿತಗಾರ. ಅದಿರು ಕರಗಿಸಲು ಸೌದೆ ಸಾಲದಾದಾಗ ಹುಟ್ಟಿದ ಚಿಂತೆ ಅದು. ಈ ಹಿನ್ನೆಲೆ ತಿಳಿದರೆ, ನಮ್ಮ ಪಠ್ಯಕ್ರಮ ಏಕೆ ಇಂದಿಗೂ ಮರದ ದಿಮ್ಮಿಯ ಸುತ್ತಲೇ ಗಿರಕಿ ಹೊಡೆಯುತ್ತದೆ, ಕಾಡಿನ ಅಂಚಿನಲ್ಲಿ ಬದುಕುವ ಜನ ಅದರಲ್ಲಿ ಏಕೆ ಕೊನೆಯ ಅಧ್ಯಾಯಕ್ಕೆ ಸರಿದಿದ್ದಾರೆ ಎಂಬುದೂ ಅರ್ಥವಾಗುತ್ತದೆ. ಉದ್ಯೋಗದಲ್ಲಿ ಆ ಜನರೊಂದಿಗೆ ಕುಳಿತು ಮೇವು, ಸೌದೆ, ಬೆಂಕಿ ಹರಡದಂತೆ ತೆರವು ಮಾಡುವ ಬೆಂಕಿರೇಖೆಗಳ ಬಗ್ಗೆ ಮಾತಾಡುವುದೇ ನನ್ನ ಅರ್ಧ ಕೆಲಸ, ಆ ಮಾತುಕತೆಯನ್ನು ವರದಿಯಾಗಿ ಬರೆಯುವುದು ಉಳಿದದ್ದರಲ್ಲಿ ದೊಡ್ಡ ಪಾಲು. ಎರಡಕ್ಕೂ ಕಾಲೇಜಿನಲ್ಲಿ ತಯಾರಿ ಇರಲಿಲ್ಲ.

ಹೊಸದಾಗಿ ಸೇರಿರುವ ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ ವಿಶ್ಲೇಷಿಸುವ ವ್ಯವಸ್ಥೆ) ಮತ್ತು ಇಂಗಾಲದ ಪಾಠಗಳು ಉದ್ಯೋಗಕ್ಕೆ ಬೇಗ ದಾರಿ ಮಾಡಿಕೊಡುತ್ತವೆ. ಒಣಮರದ ತೂಕದ ಸುಮಾರು ಅರ್ಧ ಇಂಗಾಲ, ಅದನ್ನು 3.67ರಿಂದ ಗುಣಿಸಿದರೆ ಇಂಗಾಲದ ಡೈಆಕ್ಸೈಡ್, ಲೆಕ್ಕ ಸುಲಭ. ಆದರೆ ಆ ತೂಕದ ಅಂದಾಜು ಹೊರಡುವುದು ಎದೆಮಟ್ಟದ ಟೇಪಿನಿಂದಲೇ ಆದ್ದರಿಂದ, ಅಳತೆಯನ್ನು ಕಡೆಗಣಿಸಿ ಸಾಫ್ಟ್‌ವೇರನ್ನು ಮಾತ್ರ ಮೆರೆಸುವ ಕೋರ್ಸನ್ನು ನಾನು ಶಿಫಾರಸು ಮಾಡಲಾರೆ.

ಒಟ್ಟಿನಲ್ಲಿ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಬಿಸಿಲು, ಮಳೆ, ಜಿಗಣೆಗಳ ನಡುವೆಯೂ ಅಂಕಿಯನ್ನು ತಿದ್ದದೆ ಬರೆಯುವ ತಾಳ್ಮೆ ಇದ್ದವರಿಗೆ ಇದು ಒಳ್ಳೆಯ ಪದವಿ. ಪ್ರಾಣಿಗಳ ಛಾಯಾಚಿತ್ರ ತೆಗೆಯುವ ಹಂಬಲದಿಂದ ಬರುವವರು ಬೇರೆ ದಾರಿ ನೋಡುವುದು ಲೇಸು. ಸೇರುವ ಮುನ್ನ ವಿವರಣ ಪುಸ್ತಿಕೆಯನ್ನು ನಂಬದೆ ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಕೇಳಿ: ಸೆಮಿಸ್ಟರಿಗೆ ಎಷ್ಟು ದಿನ ಕಾಡಿನಲ್ಲಿ ಕಳೆಯುತ್ತೀರಿ, ಅದರಲ್ಲಿ ಇಳಿಜಾರು ಎಷ್ಟು, ಉಪಕರಣಗಳು ಪ್ರತಿಯೊಬ್ಬರ ಕೈಗೆ ಬರುತ್ತವೆಯೋ ಅಥವಾ ಒಬ್ಬ ಹಿಡಿದು ಉಳಿದವರು ನೋಡುತ್ತಾರೋ, ಕ್ಷೇತ್ರ ಪುಸ್ತಕವನ್ನು ಅಧ್ಯಾಪಕರು ಓದಿ ತಿದ್ದುತ್ತಾರೋ ಅಥವಾ ಸಹಿ ಮಾತ್ರ ಹಾಕುತ್ತಾರೋ.