ಲೇಕ್ ಆಫ್ ದಿ ವುಡ್ಸ್ ಐಸ್ ಮೇಲೆ ಒಂದು ರಾತ್ರಿ: ಹೀಟರಿಗೆ ಎರಡು ಸ್ಟಾರ್, ಮಾತಿಗೆ ಐದು

ಮೊದಲೇ ಹೇಳಿಬಿಡುತ್ತೇನೆ, ರೆಸಾರ್ಟಿನ ಹೆಸರು ಹಾಕುವುದಿಲ್ಲ. ಹೋಗಿದ್ದು ಒಂದೇ ಸಲ. ಒಂದು ದಿನದ ಮೀನು ನೋಡಿ ಯಾರದೋ ಹೊಟ್ಟೆಪಾಡಿಗೆ ಮಾರ್ಕ್ ಹಾಕುವುದು ಸರಿಯಲ್ಲ. ಆದರೆ ಅಮೆರಿಕದ ಮಿನೆಸೋಟ ರಾಜ್ಯದಲ್ಲಿರುವ ನಮ್ಮವರು ಚಳಿಗಾಲ ಬಂತೆಂದರೆ ಸಾಕು, ಐಸ್ ಫಿಶಿಂಗ್ (ಹೆಪ್ಪುಗಟ್ಟಿದ ಕೆರೆಯ ಮೇಲೆ ತೂತು ಕೊರೆದು ಗಾಳ ಹಾಕುವುದು) ಹೇಗಿರತ್ತೆ, ಎಲ್ಲಿ ಬುಕ್ ಮಾಡೋದು, ಮೀನು ಸಿಗತ್ತಾ ಅಂತ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ನಾವು ಹೋಗಿದ್ದು ಜನವರಿಯಲ್ಲಿ, ರಾಜ್ಯದ ಉತ್ತರದ ತುದಿಯ ಬೌಡೆಟ್ ಊರಿನ ಹತ್ತಿರದ ಲೇಕ್ ಆಫ್ ದಿ ವುಡ್ಸ್ ಕೆರೆಗೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಜೊತೆಗೆ ಕುಂದಾಪುರದ ಗೆಳೆಯ ಒಬ್ಬ. ಐಸ್ ಮೇಲೆ ಇಟ್ಟಿರುವ ಮನೆಯಲ್ಲಿ ಶನಿವಾರ ಬೆಳಿಗ್ಗೆಯಿಂದ ಭಾನುವಾರ ಬೆಳಿಗ್ಗೆವರೆಗೆ ಬಾಡಿಗೆ. ಮನೆ ಅಂದರೆ ದೊಡ್ಡದೇನಲ್ಲ, ನಾಲ್ಕು ಮಂಚ, ಒಂದು ಗ್ಯಾಸ್ ಒಲೆ, ಒಂದು ಹೀಟರ್, ನೆಲದಲ್ಲಿ ಎಂಟು ತೂತು. ಮಂಚದ ಮೇಲೆ ಮಲಗಿಕೊಂಡೇ ಕೈ ಚಾಚಿದರೆ ಗಾಳ ಸಿಗುತ್ತದೆ. ನಾನು ತೀರ್ಥಹಳ್ಳಿಯವನು. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತಿ ಬರುವ ಹತ್ತುಮೀನು ಹಿಡಿಯಲು ಗದ್ದೆ ಬದುವಿನಲ್ಲಿ ನೆಂದುಕೊಂಡು ನಿಂತವನಿಗೆ ಹಾಸಿಗೆಯಲ್ಲಿ ಬಿದ್ದುಕೊಂಡು ಮೀನು ಹಿಡಿಯುವುದು ಸ್ವಲ್ಪ ನಾಚಿಕೆಯ ವಿಷಯವೇ.

ಈ ರೆಸಾರ್ಟಿಗೆ ನಾನು ಜಾಸ್ತಿ ಮಾರ್ಕ್ ಕೊಡುವುದು ಮೀನಿಗಲ್ಲ, ಒಂದು ಫೋನ್ ಕರೆಗೆ. ಹೊರಡುವ ಎರಡು ದಿನ ಮೊದಲು ಅವರೇ ಫೋನ್ ಮಾಡಿದರು. ಮನೆಗಳಿರುವ ಕಡೆ 22 ಇಂಚು ಐಸ್ ಇದೆ, ಆದರೆ ದಾರಿಯಲ್ಲಿ ಒಂದು ಬಿರುಕು ಬಾಯಿ ಬಿಟ್ಟಿದೆ, ಅದರ ಮೇಲೆ ಸೇತುವೆ ಹಾಕಿದ್ದೇವೆ, ನಿಮ್ಮ ಕಾರು ದಡದಲ್ಲೇ ಇರಲಿ, ನಮ್ಮ ಗಾಡಿಯಲ್ಲೇ ಕರೆದುಕೊಂಡು ಹೋಗುತ್ತೇವೆ, ಗಾಳಿ ತಿರುಗಿದರೆ ಆ ದಿನ ಬೆಳಿಗ್ಗೆಯೇ ಟ್ರಿಪ್ ರದ್ದು ಮಾಡಿ ದುಡ್ಡು ವಾಪಸ್ ಕೊಡುತ್ತೇವೆ. ಇಷ್ಟೂ ವಿಷಯ ನಾನು ಕೇಳದೆ ಅವರಾಗಿ ಹೇಳಿದ್ದು.

ಇದು ಯಾಕೆ ದೊಡ್ಡ ವಿಷಯ ಅಂದರೆ, 2023-24ರ ಚಳಿಗಾಲದಲ್ಲಿ ನಮಗೆ ಇದರ ಉಲ್ಟಾ ಅನುಭವ ಆಗಿತ್ತು. ನಗರದ ಹತ್ತಿರದ ಒಂದು ಸಣ್ಣ ಕೆರೆಯಲ್ಲಿ ಒಬ್ಬರು ಟೆಂಟ್, ಗಾಳ, ಹೀಟರ್ ಎಲ್ಲ ಸೇರಿಸಿ ಬಾಡಿಗೆಗೆ ಕೊಡುತ್ತಿದ್ದರು. ಫೋನ್ ಮಾಡಿ ಕೇಳಿದರೆ "ಐಸ್ ಸೂಪರ್ ಆಗಿದೆ ಬನ್ನಿ" ಅಂದರು. ಹೋಗಿ ನೋಡಿದರೆ ದಡದಲ್ಲಿ ನೀರು ನಿಂತಿದೆ, ಒಳಗೆ ಐದು ಇಂಚು ಐಸ್, ಅದರಲ್ಲೂ ಮೇಲಿನ ಅರ್ಧ ಬಿಳಿ ಐಸ್. ಬಿಳಿ ಐಸ್ ಅಂದರೆ ಹಿಮ ನೆನೆದು ಗಟ್ಟಿಯಾದದ್ದು, ಗಾಜಿನ ಥರ ಪಾರದರ್ಶಕವಾಗಿರುವ ಐಸಿನ ಅರ್ಧದಷ್ಟೇ ಬಲ ಅದಕ್ಕೆ ಅಂತ ಲೆಕ್ಕ ಹಿಡಿಯಬೇಕು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ (ಡಿಎನ್‌ಆರ್) ಹೇಳುವುದು, ನಡೆದು ಹೋಗಲು ಹೊಸ ಗಟ್ಟಿ ಐಸ್ ಕನಿಷ್ಠ 4 ಇಂಚು ಬೇಕು, ಸ್ನೋಮೊಬೈಲಿಗೆ 5ರಿಂದ 7, ಸಣ್ಣ ಕಾರಿಗೆ 9ರಿಂದ 10. ಬಿಳಿ ಐಸ್ ಆದರೆ ಎಲ್ಲ ಲೆಕ್ಕವೂ ಎರಡರಷ್ಟು. ನಾವು ತಿರುಗಿ ಬಂದೆವು, ದುಡ್ಡು ಬರಲಿಲ್ಲ. "ನಾನು ಬನ್ನಿ ಅಂದೆ, ನೀವೇ ಹೆದರಿದ್ರಿ" ಅನ್ನುವುದು ಅವರ ವಾದ.

ಆ ವರ್ಷದ ಡಿಸೆಂಬರ್ ಕೊನೆಯಲ್ಲೇ ಅಪ್ಪರ್ ರೆಡ್ ಲೇಕಿನಲ್ಲಿ ಐಸಿನ ದೊಡ್ಡ ಹಾಳೆ ದಡದಿಂದ ಕಿತ್ತುಕೊಂಡು ತೇಲಿಹೋಗಿ, ಅದರ ಮೇಲಿದ್ದ ನೂರಕ್ಕೂ ಹೆಚ್ಚು ಜನರನ್ನು ರಕ್ಷಣಾ ತಂಡದವರು ಕರೆತರಬೇಕಾಯಿತು. ಬೌಡೆಟ್‌ಗೆ ಹೋಗುವ 72ನೇ ಹೆದ್ದಾರಿ ಆ ಕೆರೆಯ ಪಕ್ಕದಲ್ಲೇ ಹಾದುಹೋಗುತ್ತದೆ. ಕಾರಿನಲ್ಲಿ ಈ ಕಥೆ ಹೇಳಿದ್ದು ನನ್ನ ತಪ್ಪು. ಹೆಂಡತಿ ಅಲ್ಲಿಂದ ಮುಂದೆ ಮಾತೇ ಆಡಲಿಲ್ಲ.

ಸರಿ, ಕೆರೆಯ ವಿಷಯ. ಕೆರೆ ಅನ್ನುವ ಪದಕ್ಕೇ ಅವಮಾನ, ಅಷ್ಟು ದೊಡ್ಡದು. ಸ್ವಲ್ಪ ಭಾಗ ಅಮೆರಿಕದಲ್ಲಿ, ಹೆಚ್ಚಿನದು ಕೆನಡಾದಲ್ಲಿ, 14,000ಕ್ಕೂ ಹೆಚ್ಚು ದ್ವೀಪಗಳು. ನಮ್ಮ ಕಡೆಯಿಂದ ನೋಡಿದರೆ ಒಂದು ದ್ವೀಪವೂ ಕಾಣುವುದಿಲ್ಲ, ಬರೀ ಬಿಳಿ ಬಯಲು. ಹಳೇ ಬಾಂಬಾರ್ಡಿಯರ್ ಗಾಡಿಯಲ್ಲಿ ಕೂರಿಸಿದರು. ಮುಂದೆ ಸ್ಕೀ, ಹಿಂದೆ ಪಟ್ಟಿ, ಗುಂಡಗಿನ ಕಿಟಕಿಗಳು, ಒಳಗೆ ಪೆಟ್ರೋಲ್ ವಾಸನೆ. ಮಗಳಿಗೆ ಇಡೀ ಪ್ರವಾಸದಲ್ಲಿ ಇಷ್ಟವಾಗಿದ್ದು ಇದೊಂದೇ. ಆ ಸೇತುವೆ ದಾಟುವಾಗ ಮಾತ್ರ ಡ್ರೈವರ್ ಗಾಡಿ ನಿಲ್ಲಿಸಿ, ತಾನು ಇಳಿದು, ಕಬ್ಬಿಣದ ಸಲಾಕೆಯಿಂದ ಐಸ್ ಕುಟ್ಟಿ ನೋಡಿ, ಆಮೇಲೆ ಹತ್ತಿಸಿದ. ದಿನಕ್ಕೆ ಎಷ್ಟು ಸಲ ದಾಟುತ್ತಾನೋ, ಪ್ರತಿ ಸಲವೂ ಕುಟ್ಟುತ್ತಾನಂತೆ.

ಮೀನಿಗೆ ಬರೋಣ. ನಮ್ಮ ಜಾಗದಲ್ಲಿ ಆಳ ಸುಮಾರು 30 ಅಡಿ. ಮಿನೆಸೋಟದಲ್ಲಿ ಚಳಿಗಾಲದಲ್ಲಿ ಒಬ್ಬರಿಗೆ ಎರಡು ಗಾಳ ಬಿಡಬಹುದು. ಒಂದರಲ್ಲಿ ಬಂಗಾರದ ಬಣ್ಣದ ಜಿಗ್ (ಭಾರದ ಹುಸಿ ಎರೆ) ಕುಣಿಸುತ್ತಾ ಇರಬೇಕು, ಇನ್ನೊಂದರಲ್ಲಿ ಸುಮ್ನೆ ಬೆಂಡಿನ ಕೆಳಗೆ ಎರೆಗೆ ಚುಚ್ಚಿದ ಸಣ್ಣ ಮೀನು ನೇತಾಡುತ್ತಿರುತ್ತದೆ. ಕುಣಿಸುವುದು ಮೀನನ್ನು ಹತ್ತಿರ ಕರೆಯಲು, ಕಚ್ಚುವುದು ಜಾಸ್ತಿ ಅಲ್ಲಾಡದೆ ಇರುವುದನ್ನೇ. ತೂತಿನಲ್ಲಿ ಮತ್ತೆ ಮತ್ತೆ ಕಟ್ಟುವ ಐಸ್ ತೆಗೆಯಲು ಥೇಟ್ ಬೋಂಡಾ ಎತ್ತುವ ಜಾಲರಿ ಸೌಟನ್ನೇ ಕೊಟ್ಟಿದ್ದಾರೆ. ಹೊರಗೆ ಮೈನಸ್ 27, ಒಳಗೆ ಕೆಳಗಡೆ ಮೀನು ಹೇಗೆ ಬದುಕಿರತ್ತೆ ಅಂತ ಮಗಳ ಪ್ರಶ್ನೆ. ನೀರು ಅತಿ ಭಾರವಾಗುವುದು 4 ಡಿಗ್ರಿಯಲ್ಲಿ, ಆ ನೀರು ತಳ ಸೇರುತ್ತದೆ, ಅದಕ್ಕಿಂತ ತಣ್ಣಗಾಗಿದ್ದು ಮೇಲೇ ಉಳಿದು ಹೆಪ್ಪುಗಟ್ಟಿ ಕಂಬಳಿ ಥರ ಮುಚ್ಚಿಕೊಳ್ಳುತ್ತದೆ ಅಂದೆ. "ಹಾಗಾದ್ರೆ ಮೀನಿಗೇ ನಮಗಿಂತ ಬೆಚ್ಚಗೆ" ಅಂದಳು. ನಿಜವೇ.

ಬೆಳಿಗ್ಗೆ ಹತ್ತರಿಂದ ಮೂರರವರೆಗೆ ನಾಲ್ಕೇ ನಾಲ್ಕು ಮೀನು. ಗೆಳೆಯ ಬಯ್ಯಲು ಶುರು ಮಾಡಿದ. "ಎಂತ ಮಾರಾಯ, ಇಷ್ಟು ದುಡ್ಡಿಗೆ ಮೂರು ಬುಟ್ಟಿ ಬಂಗುಡೆ ಬರ್ತಿತ್ತು." ನಾಲ್ಕು ಗಂಟೆಗೆ ಬೆಳಕು ಇಳಿಯಿತು ನೋಡಿ, ಆಮೇಲೆ ಒಂದೂವರೆ ಗಂಟೆ ಪುರುಸೊತ್ತಿಲ್ಲ. ವಾಲಾಯ್ ಮೀನಿನ ಕಣ್ಣು ಮಬ್ಬು ಬೆಳಕಿಗೇ ಹೇಳಿ ಮಾಡಿಸಿದ್ದು. ರಾತ್ರಿ ಬೆಕ್ಕಿನ ಕಣ್ಣು ಹೊಳೆಯುವ ಹಾಗೆ ಹೊಳೆಯುತ್ತದೆ. ಒಟ್ಟು ಲೆಕ್ಕ ಇಪ್ಪತ್ಮೂರು. ಅದರಲ್ಲಿ ಏಳು ವಾಲಾಯ್, ಎರಡು ಪರ್ಚ್, ಒಂದು ಈಲ್‌ಪೌಟ್, ಉಳಿದಿದ್ದೆಲ್ಲ ಸಾಗರ್. ಹೌದು, ಅದರ ಹೆಸರೇ ಸಾಗರ್. ವಾಲಾಯ್‌ನ ತಮ್ಮನ ಥರ, ಸಣ್ಣದು, ಬೆನ್ನಿನ ರೆಕ್ಕೆಯಲ್ಲಿ ಕಪ್ಪು ಚುಕ್ಕೆ, ಬಾಲದ ತುದಿಯಲ್ಲಿ ಬಿಳಿ ಇರುವುದಿಲ್ಲ. ನನ್ನ ಹೆಂಡತಿಯ ಊರು ಸಾಗರ. ಹೋದ ದಿನದಿಂದ ಇವತ್ತಿನವರೆಗೂ "ನಮ್ಮೂರನ್ನೇ ಹುರ್ಕೊಂಡು ತಿಂದ್ರಿ" ಅಂತ ಹೇಳುತ್ತಲೇ ಇದ್ದಾಳೆ.

ಎಲ್ಲ ಮನೆಗೆ ತರಲು ಆಗುವುದಿಲ್ಲ. ಈ ಕೆರೆಯಲ್ಲಿ ಚಳಿಗಾಲದಲ್ಲಿ ಒಬ್ಬರು ಒಂದು ಸಲಕ್ಕೆ ಇಟ್ಟುಕೊಳ್ಳಬಹುದಾದದ್ದು ವಾಲಾಯ್, ಸಾಗರ್ ಎರಡೂ ಸೇರಿ ಆರು, ಅದರಲ್ಲಿ ವಾಲಾಯ್ ನಾಲ್ಕಕ್ಕಿಂತ ಹೆಚ್ಚಿರಬಾರದು. 19.5ರಿಂದ 28 ಇಂಚಿನ ನಡುವಿನ ವಾಲಾಯ್ ಸಿಕ್ಕರೆ ಆಗಲೇ ಬಿಡಬೇಕು. ನನ್ನ ಜೀವನದ ಅತಿ ದೊಡ್ಡ ಮೀನು 21 ಇಂಚು. ಎರಡು ಸಲ ಅಳೆದೆ. ಮೂರನೇ ಸಲ ಅಳೆಯುವ ಮೊದಲು ಹೆಂಡತಿ "ನೀವು ಅಳೆದಷ್ಟೂ ಅದು ಗಿಡ್ಡ ಆಗಲ್ಲ" ಅಂದಳು, ಬಿಟ್ಟೆ.

ಈಗ ದೂರುಗಳು. ಹೀಟರ್ ಸಾಲದು. ಬಿಸಿ ಎಲ್ಲ ಮೇಲಕ್ಕೆ ಹೋಗಿ ತಲೆಗೆ ಬೇಸಿಗೆ, ಕಾಲಿಗೆ ಮಾಗಿ ಚಳಿ. ಮೇಲಿನ ಮಂಚದಲ್ಲಿದ್ದ ಗೆಳೆಯ ಬನಿಯನ್‌ನಲ್ಲಿ ಬೆವರುತ್ತಿದ್ದ, ಕೆಳಗೆ ನಾನು ಎರಡು ಜೊತೆ ಉಣ್ಣೆ ಕಾಲುಚೀಲ ಹಾಕಿಕೊಂಡು ನಡುಗುತ್ತಿದ್ದೆ. ಟಾಯ್ಲೆಟ್ ಅಂದರೆ ಪರದೆಯ ಹಿಂದೆ ಒಂದು ಬಕೆಟ್, ಅದಕ್ಕೊಂದು ಚೀಲ. ಫೋಟೋದಲ್ಲಿ ಇದನ್ನು ತೋರಿಸಿರಲಿಲ್ಲ. ತೋರಿಸಿದ್ದರೆ ಹೆಂಡತಿ ಬರುತ್ತಿರಲಿಲ್ಲ, ಅದೂ ಅವರಿಗೆ ಗೊತ್ತಿರಬೇಕು. ಬೆಳಗಿನ ಜಾವ ನಾಲ್ಕಕ್ಕೆ ಪ್ರೊಪೇನ್ ಖಾಲಿ. ಫೋನ್ ಮಾಡಿದ ಮೇಲೆ ಇನ್ನೊಂದು ಸಿಲಿಂಡರ್ ಬರಲು ನಲವತ್ತು ನಿಮಿಷ, ಅಷ್ಟರಲ್ಲಿ ತೂತುಗಳ ಮೇಲೆ ಐಸ್ ಕಟ್ಟಿತ್ತು. ಕ್ಷಮೆ ಕೇಳಿದರು, ಮೀನು ಕ್ಲೀನ್ ಮಾಡುವ ಚಾರ್ಜ್ ಬಿಟ್ಟರು. ಆದರೆ ಮಗು ಇರುವ ಮನೆಗೆ ಒಂದೇ ಸಿಲಿಂಡರ್ ಇಟ್ಟು ಹೋಗುವುದು ತಪ್ಪು. ಇದಕ್ಕೇ ಎರಡು ಸ್ಟಾರ್. ಕಾರ್ಬನ್ ಮೊನಾಕ್ಸೈಡ್ ಅಲಾರಂ ಮಾತ್ರ ಸರಿಯಾಗಿತ್ತು, ಮಲಗುವ ಮೊದಲು ಗುಂಡಿ ಒತ್ತಿ ನಮ್ಮೆದುರಿಗೇ ಕೂಗಿಸಿ ತೋರಿಸಿದ್ದರು. ನೀವು ಎಲ್ಲೇ ಹೋಗಿ, ಅವರು ತೋರಿಸದಿದ್ದರೆ ನೀವೇ ಒತ್ತಿ ನೋಡಿ.

ರಾತ್ರಿಯ ಸದ್ದಿನ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಐಸ್ ಗುಡುಗುತ್ತದೆ. ದೂರದಲ್ಲೆಲ್ಲೋ ಶುರುವಾಗಿ ನಮ್ಮ ಮಂಚದ ಕೆಳಗೇ ಹಾದು ಇನ್ನೊಂದು ಕಡೆಗೆ ಹೋಗುತ್ತದೆ. ಚಳಿಗೆ ಐಸ್ ಬೆಳೆಯುವಾಗ ಹೀಗಾಗುತ್ತದೆ, ಹೆದರಬೇಡಿ ಅಂತ ಡ್ರೈವರ್ ಹೇಳಿ ಹೋಗಿದ್ದ, ಆದರೂ ಮೊದಲ ಸಲ ಕೇಳಿದಾಗ ನಾಲ್ಕೂ ಜನ ಎದ್ದು ಕೂತಿದ್ದೆವು. ಹಾಗೂ ಹೀಗೂ ನಿದ್ದೆ ಹತ್ತುವ ಹೊತ್ತಿಗೆ ಗೋಡೆಗೆ ಹೊಡೆದಿದ್ದ, ಮೀನು ಎಳೆದರೆ ಸದ್ದು ಮಾಡುವ ಗಿಲಕಿ ರೀಲು ಗಲಗಲ ಅಂತು. ಎಳೆದರೆ ಈಲ್‌ಪೌಟ್. ಹಾವಿನ ಹಾಗೆ ಗೆಳೆಯನ ಕೈಗೆ ಸುತ್ತಿಕೊಂಡಿತು. ಸಮುದ್ರದ ಊರಿನವನು ಕಿರುಚಿದ್ದು ನೋಡಬೇಕಿತ್ತು.

ಅಡುಗೆ ನಮ್ಮದೇ. ಮೀನಿಗೆ ಉಪ್ಪು, ಅರಿಶಿನ, ಬ್ಯಾಡಗಿ ಮೆಣಸಿನ ಪುಡಿ, ಹುಣಸೆ ಹುಳಿ ಹಚ್ಚಿ, ರವೆಯಲ್ಲಿ ಹೊರಳಿಸಿ ತವಾ ಮೇಲೆ. ವಾಲಾಯ್ ಮುಳ್ಳು ಕಡಿಮೆ ಇರುವ ಬಿಳಿ ಮಾಂಸ, ಮಕ್ಕಳಿಗೆ ಹೇಳಿ ಮಾಡಿಸಿದಂಥದ್ದು, ಆದರೆ ರುಚಿ ಸ್ವಲ್ಪ ಸಪ್ಪೆ, ಮಸಾಲೆ ಕೈಬಿಚ್ಚಿ ಹಾಕಿ. ಅಚ್ಚರಿ ಅಂದರೆ ಈಲ್‌ಪೌಟ್. ತುಂಡು ಮಾಡಿ ಹುಳಿಸಾರಿಗೆ ಹಾಕಿದರೆ ಗಟ್ಟಿಯಾಗಿ, ಸಿಹಿಯಾಗಿ, ಸೀಗಡಿ ನೆನಪಾಗುವ ಹಾಗಿತ್ತು. ಅಲ್ಲಿಯವರು ಬಹಳ ಜನ ಇದನ್ನು ಮುಟ್ಟುವುದೇ ಇಲ್ಲ. ಕುಂದಾಪುರದವನು ಎರಡನೇ ಸಲ ಹಾಕಿಸಿಕೊಂಡ, ಬಂಗುಡೆ ಮಾತು ಎತ್ತಲಿಲ್ಲ.

ಹೋಗುವವರಿಗೆ: 16 ವರ್ಷ ತುಂಬಿದವರೆಲ್ಲರೂ ಲೈಸೆನ್ಸ್ ಮಾಡಿಸಿ. ಶೂಗೆ ಹಾಕುವ ಮುಳ್ಳಿನ ಪಟ್ಟಿ, ಕೊರಳಿಗೆ ನೇತುಹಾಕುವ ಐಸ್ ಪಿಕ್ ತೆಗೆದುಕೊಂಡು ಹೋಗಿ, ಐಸ್ ಒಡೆದು ನೀರಿಗೆ ಬಿದ್ದರೆ ಎದ್ದು ಬರಲು ಆ ಪಿಕ್ಕೇ ದಾರಿ. ಬುಕ್ ಮಾಡುವಾಗ "ಮೀನು ಹೇಗಿದೆ" ಅಂತ ಕೇಳಬೇಡಿ, ಅದಕ್ಕೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಐಸ್ ಎಷ್ಟು ಇಂಚು, ಇವತ್ತು ಅಳೆದಿದ್ದಾ ಹೋದ ವಾರದ್ದಾ, ಬಿರುಕು ಎಲ್ಲಿದೆ ಅಂತ ಕೇಳಿ. ತಡವರಿಸಿದರೆ ಫೋನ್ ಇಟ್ಟುಬಿಡಿ.

ಮಿನೆಸೋಟದ ಒಳಗಿನ ಕೆರೆಗಳಲ್ಲಿ ವಾಲಾಯ್ ಸೀಸನ್ ಫೆಬ್ರವರಿ ಕೊನೆಗೆ ಮುಗಿಯುತ್ತದೆ, ಇಲ್ಲಿ ಏಪ್ರಿಲ್ 14ರವರೆಗೆ ಇದೆ. ಮಾರ್ಚ್ ಮೊದಲ ವಾರಕ್ಕೆ ಮತ್ತೆ ಬುಕ್ ಮಾಡಿದ್ದೇವೆ, ಹೆಂಡತಿ ಬರುವುದಿಲ್ಲ ಅಂದಿದ್ದಾಳೆ, ಕಾರಣ ಆ ಬಕೆಟ್. ಸಿಲಿಂಡರ್ ಎರಡು ಇಡಿ ಅಂತ ಮೊದಲೇ ಹೇಳಿಟ್ಟಿದ್ದೇನೆ.